ಬದಲಿ ಸೆಂಟರ್

ಹತ್ತು ವರ್ಷ ನಾನು ಘಟಪ್ರಭಾ ಢಾಲು ಎಂಬ ಶೀಲ್ಡಿನ ಪಂದ್ಯಗಳ ಅಂಕ ಬರೆದವನು. ಚೆಂಡು ಬುಟ್ಟಿಯೊಳಗೆ ಬಿತ್ತೋ, ರಿಂಗಿಗೆ ಬಡಿದು ಹೊರಗೆ ಹಾರಿತೋ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಜನ ತೋಳು ಏರಿಸಿಕೊಂಡು ನಿಂತಾಗ, ಕೊನೆಗೆ ಯಾರಾದರೊಬ್ಬರು "ನಬಿಲಾಲನ ಪುಸ್ತಕ ಏನ ಹೇಳತೈತಿ ನೋಡ್ರಿ" ಅನ್ನುತ್ತಿದ್ದರು. ಪುಸ್ತಕ ಹೇಳಿದ ಮೇಲೆ ಮುಗಿಯಿತು, ಮತ್ತೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅದರ ಸೊಕ್ಕು ನನಗೆ ಇತ್ತು. ನನ್ನ ಹೆಂಡತಿ ರಶೀದಾಬಿ, "ಊರ ಮಂದಿ ಲೆಕ್ಕ ಚೊಲೋ ಇಡತೀರಿ, ನಿಮ್ಮ ಚಪ್ಪಲಿ ಎಲ್ಲಿ ಬಿಟ್ಟೀರಿ ಅನ್ನೂದು ಮಾತ್ರ ಗೊತ್ತಿರೂದಿಲ್ಲ" ಎಂದು ಹಂಗಿಸುತ್ತಿದ್ದಳು.

ಧುಪದಾಳದ ಒಡ್ಡಿನ ಆಚೆಗಿದ್ದ ಹೊಳೆಬಸವೇಶ್ವರ ನೂಲಿನ ಗಿರಣಿಯಲ್ಲಿ ನಾನು ಟೈಂ ಆಫೀಸಿನ ಕಾರಕೂನ. ಬಾಸ್ಕೆಟ್‌ಬಾಲ್ ಎಂಬ ಆಟವನ್ನು ನಮಗೆ ಹಚ್ಚಿದವನು ಮದ್ರಾಸಿನ ಕಡೆಯಿಂದ ಬಂದಿದ್ದ ಒಬ್ಬ ಸ್ಪಿನ್ನಿಂಗ್ ಮಾಸ್ತರ. ಹತ್ತಿಯ ಅಂಡಿಗೆ ಇಳಿಸುವ ಬಯಲಿನಲ್ಲಿ ಗರಸು ಹಾಕಿಸಿ, ಎರಡು ಕಂಬ ನೆಟ್ಟು, ಕಬ್ಬಿಣದ ರಿಂಗು ಕೂರಿಸಿದ. ಅವನಿಗೆ ವರ್ಗವಾಯಿತು, ಆಟ ಇಲ್ಲೇ ಉಳಿಯಿತು. ಸ್ವಾತಂತ್ರ್ಯ ಬಂದ ನಾಲ್ಕು ವರ್ಷಕ್ಕೆ ಢಾಲಿನ ಪಂದ್ಯ ಶುರುವಾದಾಗ ಹುಕ್ಕೇರಿಯ ಎಣ್ಣೆ ಗಿರಣಿಗೆ, ಮೂಡಲಗಿಯ ಜಿನ್ನಿಂಗ್ ಕಾರ್ಖಾನೆಗೆ, ಗೋಕಾಕದ ಹತ್ತಿ ಅಡತಿಯವರಿಗೆ ಒಂದೊಂದು ಟೀಮು ಇತ್ತು. ಉದ್ದ ಆಳು ಕಂಡರೆ ಸಾಕು, ಹಂಜಿ ಯಾವುದು ನೂಲು ಯಾವುದು ಅವನಿಗೆ ತಿಳಿಯದಿದ್ದರೂ ಪಗಾರ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಆಡುವುದೇ ಅವನ ಕೆಲಸ. ಅವನನ್ನು ಬುಟ್ಟಿಯ ಕೆಳಗೆ ನಿಲ್ಲಿಸುತ್ತಿದ್ದರು, ಅವನೇ ಸೆಂಟರ್. ಟೀಮು ಗೆದ್ದರೂ ಸೋತರೂ ಜನ ಮಾತಾಡುತ್ತಿದ್ದುದು ಅವನ ಬಗ್ಗೆಯೇ.

ಅರವತ್ತೊಂದರ ಜನವರಿಯಲ್ಲಿ ಢಾಲಿಗೆ ಹತ್ತು ವರ್ಷ ತುಂಬಿತು. ಪಂದ್ಯದ ಕಾರ್ಯದರ್ಶಿ ಸೋಮಪ್ಪನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಹತ್ತು ವರ್ಷದ ಐದು ಮಂದಿ ಶ್ರೇಷ್ಠ ಸೆಂಟರ್‌ಗಳ ಹೆಸರನ್ನು ಸಾಗವಾನಿ ಹಲಗೆಯ ಮೇಲೆ ಬರೆಸಿ ಕ್ಲಬ್ಬಿನಲ್ಲಿ ತೂಗುಹಾಕಬೇಕು, ಮೊದಲನೆಯವನಿಗೆ ಶಾಲು ಹೊದಿಸಬೇಕು ಎಂದು ಹೊರಟ. ಹೆಸರು ಆರಿಸಲು ಮೂವರು: ಅವನು, ನಾನು, ಹುಕ್ಕೇರಿಯ ಹಳೆಯ ಸೆಂಟರ್ ಶಿದ್ರಾಮ.

ಕೆಳಗಿನಿಂದ ಆರಂಭಿಸಿದೆವು. ಐದನೆಯವನು ಗೋಕಾಕದ ಹನಮಂತ. ಎತ್ತರ ಏನೂ ಇಲ್ಲ, ಆದರೆ ಚೆಂಡು ರಿಂಗಿನಿಂದ ಯಾವ ಕಡೆ ಸಿಡಿಯುತ್ತದೆ ಎಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ನಾಲ್ಕನೆಯವನು ಅದೇ ಗೋಕಾಕದ ಗಫಾರ. ನಮ್ಮ ಜಮಾತಿನವನೆಂದು ಮೇಲೆ ಹಾಕಿದೆ ಅನ್ನಬೇಡಿ, ಎರಡೂ ಕೈಯಿಂದ ಒಂದೇ ರೀತಿ ಎಸೆಯುತ್ತಿದ್ದ ಮನುಷ್ಯ ಆ ಹತ್ತು ವರ್ಷದಲ್ಲಿ ಅವನೊಬ್ಬನೇ. ಮೂರನೆಯವನು ಮೂಡಲಗಿಯ ಬೀರಸಿದ್ದಪ್ಪ. ಅವನ ಮೊಳಕೈ ತಾಗಿ ಹಲ್ಲು ಕಳೆದುಕೊಂಡವರು ಮೂರೂ ಊರಲ್ಲಿ ಇದ್ದಾರೆ. ಆಮೇಲೆ ಶಿದ್ರಾಮ, ಒಂಬೈನೂರಾ ಎಂಟು ಅಂಕ. ಎಲ್ಲರ ಮೇಲೆ ನಮ್ಮ ಗಿರಣಿಯ ಗುಡ್ಡಪ್ಪ, ಸಾವಿರದ ಎಂಬತ್ತಾರು.

"ಆತಲ್ಲ ಹಂಗಾದ್ರ" ಎಂದು ಸೋಮಪ್ಪ ಪೆನ್ನಿನ ಟೋಪಿ ಹಾಕಿದ.

ಶಿದ್ರಾಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ. "ನನ್ನ ಎರಡನೇದಕ್ಕ ಇಡ್ರಿ, ನಂದೇನ ತಕರಾರಿಲ್ಲ" ಎಂದ. "ಮೊದಲನೇದವ ಯಾರು ಅಂತ ನನಗ ಗೊತ್ತೈತಿ. ನಬಿಲಾಲ ಸಾಹೇಬ್ರಿಗೂ ಗೊತ್ತೈತಿ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಸೋಮಪ್ಪ ಎರಡು ವರ್ಷದ ಕೆಳಗೆ ನಮ್ಮ ಕಡೆ ಬಂದವನು, ಅವನಿಗೆ ಏನೂ ತಿಳಿಯಲಿಲ್ಲ.

ಗೊತ್ತಿದ್ದದ್ದು ಇಷ್ಟು. ನಮ್ಮ ಗಿರಣಿಯಲ್ಲಿ ಕಾಯಂ ಆಳುಗಳು ಬೇರೆ, ಬದಲಿಗಳು ಬೇರೆ. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದ ಕೂಡಲೇ ನಾನು ಗೇಟಿನ ಕಿಟಕಿಯಲ್ಲಿ ಕೂತು ಕಾಯಂ ಆಳಿನ ನಂಬರು, ಹೆಸರು ಕೂಗಬೇಕು. ಮೂರು ಸಲ ಕೂಗಿದರೂ ಅವನು ಬಾರದಿದ್ದರೆ, ಹೊರಗೆ ಕಾದು ನಿಂತ ಬದಲಿಗಳಲ್ಲಿ ಮುಂದಿನವನು "ಬದಲಿ ಹಾಜರ್ರೀ" ಎಂದು ಕೂಗಿ ಕೈ ಚಾಚುತ್ತಾನೆ. ಬಾರದವನ ಹಿತ್ತಾಳೆ ಬಿಲ್ಲೆ ಅವನ ಕೈಗೆ. ಆ ದಿನವೆಲ್ಲ ಅವನು ಅದೇ ನಂಬರು, ಅದೇ ಹೆಸರು. ಆಳುಗಳ ಕೈಯಲ್ಲಿ ಕೆಲಸ ಮಾಡಿಸುವ ಜಾಬರ್ ಅವನನ್ನು ಕರೆಯುವುದೂ ಆ ಹೆಸರಿನಿಂದಲೇ. ಹಾಜರಿ ಪುಸ್ತಕದಲ್ಲಿ ನಾನು ಆ ನಂಬರಿನ ಬಾಜೂ ಸಣ್ಣದಾಗಿ ಒಂದು 'ಬ' ಬರೆಯುತ್ತಿದ್ದೆ. ಬದಲಿಗೆ ಗಿರಣಿಯಲ್ಲಿದ್ದ ಗುರುತು ಅದೊಂದೇ.

ಕೇದಾರಿ ಅಂಥ ಒಬ್ಬ ಬದಲಿ. ಐವತ್ತಮೂರರಲ್ಲಿ ಹುಕ್ಕೇರಿ ತಾಲೂಕಿನ ದಡ್ಡಿಯಿಂದ ತಂಗಿ ಕಾಡವ್ವನನ್ನು ಕಟ್ಟಿಕೊಂಡು ಬಂದಿದ್ದ. ತಾಯಿ ತಂದೆ ಇಲ್ಲ. ಗೇಟಿನ ಕಮಾನಿನ ಕೆಳಗೆ ತಲೆ ಬಗ್ಗಿಸಿ ಬರುತ್ತಿದ್ದವನು ಅವನೊಬ್ಬನೇ. ಬದಲಿಗಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಅಂಡಿಗೆಯ ಹತ್ತಿ ಬಿಡಿಸುವ ಖಾತೆ, ಯಾಕೆಂದರೆ ಅಲ್ಲಿಯ ಧೂಳಿಗೆ ಹೆದರಿ ಕಾಯಂ ಆಳುಗಳು ಮೇಲಿಂದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದರು. ಸಂಜೆ ಹುಬ್ಬಿನ ಮೇಲೆಲ್ಲ ಹತ್ತಿ ಅಂಟಿಸಿಕೊಂಡು ಹೊರಬಂದು, ಬಯಲಿನಲ್ಲಿ ಗುಡ್ಡಪ್ಪನ ಎದುರು ನಿಂತು ಆಟ ಕಲಿತ.

ಐವತ್ತನಾಲ್ಕರಲ್ಲಿ ಗುಡ್ಡಪ್ಪನ ಮೊಣಕಾಲು ಹೋಯಿತು. ಢಾಲಿನ ನಿಯಮ ಒಂದಿತ್ತು: ಕಾಯಂ ಆಳಲ್ಲದವನು ಆಡುವಂತಿಲ್ಲ. ಮ್ಯಾಚಿನ ದಿನ ಎಲ್ಲೆಲ್ಲಿಂದಲೋ ಆಳು ತಂದು ಇಳಿಸುತ್ತಾರೆಂದು ಮಾಡಿದ ನಿಯಮ. ನಮ್ಮ ಮಂದಿ ಏನು ಮಾಡಿದರು? ಗಿರಣಿಯಲ್ಲಿ ದಿನಾ ಮಾಡುತ್ತಿದ್ದದ್ದನ್ನೇ ಬಯಲಿನಲ್ಲಿ ಮಾಡಿದರು. ಗುಡ್ಡಪ್ಪನ ಬನಿಯನ್ ಕೇದಾರಿಗೆ ತೊಡಿಸಿದರು. ನಮಗೆ ಅದು ಮೋಸ ಅನ್ನಿಸಲೇ ಇಲ್ಲ. ಆಳು ಬರಲಿಲ್ಲ, ಬದಲಿ ಬಂದ, ಕೆಲಸ ನಡೆಯಿತು. ಮುಂದಿನ ಕಾಯಂ ಜಾಗ ತೆರವಾದರೆ ಕೇದಾರಿಗೇ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ.

ಒಂದೇ ವ್ಯತ್ಯಾಸ. ಹಾಜರಿ ಪುಸ್ತಕದಲ್ಲಿ 'ಬ' ಬರೆಯುತ್ತಿದ್ದ ನಾನು, ಅಂಕದ ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ಎದುರಿನವರು ನೋಡುತ್ತಾರಲ್ಲ! ಮುಖ ನೋಡಿ ಸುಮ್ಮನಿದ್ದವರೂ ಬರಹ ನೋಡಿದರೆ ತಕರಾರು ತೆಗೆಯುತ್ತಿದ್ದರು. ಗುಡ್ಡಪ್ಪ ಹದಿನಾರು, ಗುಡ್ಡಪ್ಪ ಇಪ್ಪತ್ತು, ಗುಡ್ಡಪ್ಪ ಹದಿನೆಂಟು ಎಂದು ನಾಲ್ಕು ವರ್ಷ ಬರೆದೆ, ಕೆಳಗೆ ಸಹಿ ಹಾಕಿದೆ. ಸಾವಿರದ ಎಂಬತ್ತಾರರಲ್ಲಿ ಆರುನೂರಾ ನಲವತ್ತೆಂಟು ಕೇದಾರಿಯವು. ಮೂರು ಸಲ ಢಾಲು ತಂದುಕೊಟ್ಟವನ ಹೆಸರು ನನ್ನ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ.

ಅವನ ಕೊನೆಯ ಪಂದ್ಯ ಐವತ್ತೇಳರ ಡಿಸೆಂಬರಿನಲ್ಲಿ, ಹುಕ್ಕೇರಿಯಲ್ಲಿ. ಬೇಸಿಗೆಯಿಂದಲೇ ಕೆಮ್ಮು ಹತ್ತಿತ್ತು. ಅರ್ಧ ಆಟ ಮುಗಿದಾಗ ನನ್ನ ಮೇಜಿನ ಹಿಂದೆ ಬಂದು ಕೂತು ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಟವೆಲು ತೆಗೆದಾಗ ಅದರ ಮೇಲಿದ್ದದ್ದನ್ನು ನಾನು ನೋಡಿದೆ, ಅವನ ಎದುರು ನಿಂತು ಆಡುತ್ತಿದ್ದ ಶಿದ್ರಾಮನೂ ನೋಡಿದ. ಸಾಕು ಮಾಡು ಅನ್ನಬೇಕಿತ್ತು. ಅನ್ನಲಿಲ್ಲ, ನಾವು ನಾಲ್ಕು ಅಂಕ ಹಿಂದೆ ಇದ್ದೆವು. ಗೆದ್ದ ಮೇಲೆ ಅವನು ಬಂದು, "ಎಷ್ಟ ಆತ್ರಿ, ಕಾಕಾ?" ಎಂದು ಕೇಳಿದ.

"ಇಪ್ಪತ್ತಾರು."

"ಗುಡ್ಡಪ್ಪಣ್ಣ ಇವತ್ತ ಭಾಳ ಚೊಲೋ ಆಡಿದ ನೋಡ್ರಿ" ಎಂದು ನಕ್ಕ. ನಗುತ್ತಲೇ ಕೆಮ್ಮಿದ. ಎರಡು ತಿಂಗಳಿಗೆ ತೀರಿಕೊಂಡ. ಇಪ್ಪತ್ತಾರು ವರ್ಷದವನು. ಕಾಯಂ ಜಾಗ ಅದರ ಮರುತಿಂಗಳು ತೆರವಾಯಿತು.

ಹಲಗೆಯ ಸುದ್ದಿ ಗಿರಣಿಯಲ್ಲಿ ಹಬ್ಬಿದ ಎರಡನೇ ದಿನ ಕಾಡವ್ವ ನನ್ನ ಕಿಟಕಿಗೆ ಬಂದಳು. ಅವಳು ನೂಲು ಸುತ್ತುವ ಖಾತೆಯವಳು. ಬುಟ್ಟಿಯ ರಿಂಗಿಗೆ ಕಟ್ಟುವ ಜಾಳಿಗೆಯನ್ನು ಪ್ರತಿವರ್ಷ ಅವಳೇ ಹೆಣೆದು ಕೊಡುತ್ತಿದ್ದಳು, ಅಣ್ಣ ಹೋದ ಮೇಲೂ ಬಿಟ್ಟಿರಲಿಲ್ಲ.

"ನಮ್ಮಣ್ಣಂದು ಎಷ್ಟನೇ ನಂಬರ ಬಂತ್ರಿ, ಕಾಕಾ?" ಎಂದು ಕೇಳಿದಳು. ಬಂತೋ ಇಲ್ಲವೋ ಎಂದು ಕೇಳಲಿಲ್ಲ. ಬಂದಿರುತ್ತದೆ ಎಂದು ಅವಳಿಗೆ ಗ್ಯಾರಂಟಿ.

"ಇನ್ನಾ ಕೂಡಸಾಕತ್ತೇವಿ, ತಂಗೀ" ಎಂದೆ.

"ಕೂಡಸೂದೇನ ಕಷ್ಟರಿ? ಹಾಜರಿ ಪುಸ್ತಕದಾಗ ಹಚ್ಚತೀರಲ್ಲ, ಹಂಗ ಆಟದ ಪುಸ್ತಕದಾಗೂ ಬ ಹಚ್ಚಿರತೀರಿ. ಬ ಹಚ್ಚಿದ್ದೆಲ್ಲಾ ನಮ್ಮಣ್ಣಂದು. ಅಷ್ಟು ಕೂಡಿಸಿದ್ರ ಆತು." ಸ್ವಲ್ಪ ತಡೆದು, "ನನಗ ಓದಾಕ ಬರೂದಿಲ್ರಿ. ಆದ್ರ ಬ ಗೊತ್ತೈತಿ. ಅಣ್ಣ ತೋರಿಸಿದ್ದ, ಇದು ನಂದು ಅಂತ" ಎಂದಳು.

ನಾನು ಹೂಂಗುಟ್ಟಿದೆ. ಅವಳು ಖುಷಿಯಿಂದ ಹೋದಳು. ಆ ಹೊತ್ತಿಗೇ ನಿಜ ಹೇಳಿಬಿಟ್ಟಿದ್ದರೆ ಅವಳು ಅತ್ತು ಮುಗಿಸುತ್ತಿದ್ದಳೇನೋ. ಇಲ್ಲಿ ಕೂತು ಹೇಳುವುದು ಸುಲಭ. ಆಗ ನಾನು ಅಂಕದ ಪುಸ್ತಕವನ್ನು ಕಪಾಟಿನೊಳಗೆ ತಳ್ಳಿ ಬೀಗ ಹಾಕಿದೆ.

ಆ ಭಾನುವಾರ ಗುಡ್ಡಪ್ಪನ ಮನೆಗೆ ಹೋದೆ. ಈಗ ಅವನು ಜಾಬರ್ ಆಗಿದ್ದ, ಕೈಕೆಳಗೆ ಮೂವತ್ತು ಆಳು. ಕುಂಟುತ್ತ ಬಂದು ಕಂಬಳಿ ಹಾಸಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ, "ಆ ಹಲಗಿ ಮ್ಯಾಲ ನನ್ನ ಹೆಸರ ಹಾಕಬ್ಯಾಡ್ರಿ, ಸಾಹೇಬ್ರ" ಎಂದ.

"ಪುಸ್ತಕದಾಗ ನಿಂದ ಐತೆಲ್ಲೋ."

"ನೀವು ಬರದದ್ದು. ನೀವ ಹೇಳ್ರಿ."

"ಹೇಳಿದ್ರ ಮೂರೂ ಢಾಲು ತಿರಗಿ ಕೊಡಬೇಕಾಗತೈತಿ. ನಿನ್ನ ಜಾಬರಕಿ ಹೋಗತೈತಿ."

"ಹೋಗ್ಲಿ ಬಿಡ್ರಿ" ಎಂದ ಗುಡ್ಡಪ್ಪ. "ನಾ ಖಾತೇದಾಗ ಹೋದ್ರ ಆ ಹುಡಿಗಿ ಎದ್ದ ನಿಂತ ನಮಸ್ಕಾರ ಮಾಡತಾಳ್ರಿ. ನಮ್ಮಣ್ಣಗ ಆಟ ಕಲಿಸಿದವ ಅಂತ. ಅದನ್ನ ತಡಕೊಳ್ಳಾಕ ಆಗೂದಿಲ್ಲ ನನಗ."

ಅವನು ಒಪ್ಪುವುದಿಲ್ಲ ಎಂದುಕೊಂಡು ಹೋಗಿದ್ದೆ. ಖರೆ ಹೇಳಬೇಕೆಂದರೆ, ಅವನು ಒಪ್ಪದಿರಲಿ ಎಂದೇ ಹೋಗಿದ್ದೆ. ಆಗ ತಪ್ಪು ಅವನ ತಲೆಗೆ ಹೋಗುತ್ತಿತ್ತು. ಅವನೇ ಕೈ ಬಿಚ್ಚಿ ನಿಂತ ಮೇಲೆ ಉಳಿದವನು ನಾನೊಬ್ಬನೇ. ನಾಲ್ಕು ವರ್ಷ ಸುಳ್ಳಿನ ಕೆಳಗೆ ಸಹಿ ಹಾಕಿದವನನ್ನು ಟೈಂ ಆಫೀಸಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? "ನಂದೂ ಮನಿ ಐತಿ, ಗುಡ್ಡಪ್ಪಾ" ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಅವನು ಕಂಬಳಿಯ ಎಳೆಯೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡ. ಆಮೇಲೆ, "ನಿಮ್ಮ ಮನಿ ಮ್ಯಾಲ ನಾ ಕಲ್ಲ ಹಾಕೂದಿಲ್ರಿ. ಆದ್ರ ಶಾಲ ಹೊದಿಸಿಕೊಳ್ಳಾಕ ನಾ ಬರೂದಿಲ್ಲ" ಎಂದ.

ರಶೀದಾಬಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಪುಸ್ತಕ ನಿಮ್ಮದೋ, ನೀವು ಪುಸ್ತಕದವರೋ?" ಎಂದಳು. ಆದರೂ ಮರುದಿನ ಸೋಮಪ್ಪ ತಂದ ಯಾದಿಗೆ ಸಹಿ ಹಾಕಿದೆ. ಶಿದ್ರಾಮ ತನ್ನ ಸರದಿ ಬಂದಾಗ ಪೆನ್ನು ಹಿಡಿದು, "ಅವನ ಎದುರ ನಾಕ ವರ್ಷ ಆಡೇನ್ರಿ. ನಮ್ಮ ತಾಲೂಕಿನ ಹುಡುಗ ಅಂತ ಆಗ ಬಾಯಿ ಮುಚ್ಚಿದ್ನಿ. ಈಗ ಯಾಕ ಮುಚ್ಚಬೇಕೋ ತಿಳಿವಲ್ದು" ಎಂದ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅವನೂ ಸಹಿ ಹಾಕಿದ.

ಸಮಾರಂಭ ಗಿರಣಿಯ ಬಯಲಿನಲ್ಲೇ, ಮಧ್ಯಾಹ್ನ ನಾಲ್ಕಕ್ಕೆ. ಗಂಡಸರು ಒಂದು ಕಡೆ, ನೂಲಿನ ಖಾತೆಯ ಹೆಂಗಸರು ಇನ್ನೊಂದು ಕಡೆ. ರಿಂಗಿಗೆ ಕಾಡವ್ವ ಹೆಣೆದ ಹೊಸ ಜಾಳಿಗೆ. ಹೆಸರು ಕೂಗುವ ಕೆಲಸ ನನ್ನದು, ನನ್ನ ಗಂಟಲು ದೊಡ್ಡದು ಎಂದು. ಹನಮಂತ ಬಂದ, ಗಫಾರ ಬಂದ, ಬೀರಸಿದ್ದಪ್ಪ ಬಂದು ಎಲ್ಲರನ್ನೂ ನಗಿಸಿಹೋದ. ಶಿದ್ರಾಮ ಬಂದು ಹೂವಿನ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ತಗೊಂಡ.

"ಮೊದಲನೇ ಸ್ಥಾನ, ಗುಡ್ಡಪ್ಪ" ಎಂದು ಕೂಗಿದೆ.

ಗುಡ್ಡಪ್ಪ ಎರಡನೇ ಸಾಲಿನಲ್ಲೇ ಕೂತಿದ್ದ. ತಲೆ ಎತ್ತಲಿಲ್ಲ.

"ಗುಡ್ಡಪ್ಪ!"

ಬೆಳಗಾವಿಯಿಂದ ಬಂದಿದ್ದ ಅತಿಥಿ ಶಾಲು ಬಿಡಿಸಿ ಹಿಡಿದು ನಿಂತಿದ್ದರು. ಸೋಮಪ್ಪ ನನಗೆ ಕಣ್ಣು ಮಾಡಿದ. ಮೂರನೇ ಸಲ ನನ್ನ ಬಾಯಿಂದ ಹೊರಟದ್ದು ನಾನು ಅಂದುಕೊಂಡದ್ದಲ್ಲ. ಇಪ್ಪತ್ತು ವರ್ಷ ಗೇಟಿನಲ್ಲಿ ಕೂಗಿದ ರೂಢಿಯೇ ಕೂಗಿತು. "ಮುನ್ನೂರಾ ಹನ್ನೆರಡು, ಗುಡ್ಡಪ್ಪ!"

ಆಗ ಹೆಂಗಸರ ಕಡೆಯಿಂದ ಒಂದು ದನಿ.

"ಬದಲಿ ಹಾಜರ್ರೀ."

ಕಾಡವ್ವ ಎದ್ದು ನಿಂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರನ್ನೂ ನೋಡದೆ ನಡೆದು ಬಂದಳು. ಅಣ್ಣನಷ್ಟೇ ಎತ್ತರ. ವೇದಿಕೆಯ ಎದುರು ನಿಂತು, ಬಿಲ್ಲೆ ಇಸಿದುಕೊಳ್ಳುವವರ ಹಾಗೆ ಬಲಗೈ ಚಾಚಿದಳು. ಅತಿಥಿ "ಯಾರಿವರು?" ಎಂದು ಕೇಳಿದರು. "ಮನಿಯವರ ಇರಬೇಕ್ರಿ" ಎಂದು ಸೋಮಪ್ಪ ತೇಲಿಸಿದ. ಅವರು ಶಾಲನ್ನು ಮಡಚಿ ಅವಳ ಕೈ ಮೇಲೆ ಇಟ್ಟರು. ಹೊರಗಿನಿಂದ ಬಂದಿದ್ದವರು ಚಪ್ಪಾಳೆ ಹೊಡೆದರು. ಗಿರಣಿಯ ಮಂದಿ ಯಾರೂ ಹೊಡೆಯಲಿಲ್ಲ. ಬದಲಿಯಾಗಿ ದುಡಿಯದವರು ಅವರಲ್ಲಿ ಎಷ್ಟು ಮಂದಿ ಇದ್ದರು? ಗುಡ್ಡಪ್ಪ ಮುಖಕ್ಕೆ ರುಮಾಲು ಒತ್ತಿಕೊಂಡು ಅಳುತ್ತಿದ್ದ. ನಾನು ಅಳಲಿಲ್ಲ, ಅಳುವ ಯೋಗ್ಯತೆಯೂ ನನಗಿರಲಿಲ್ಲ.

ತಿರುಗಿ ಹೋಗುವಾಗ ಅವಳು ನನ್ನ ಮೇಜಿನ ಬಳಿ ನಿಂತಳು. "ಹಲಗಿ ಮ್ಯಾಲ ಇಲ್ಲಾಂದ್ರೂ ಇರಲಿ ಬಿಡ್ರಿ, ಕಾಕಾ. ಹಲಗಿ ಕಾಯಂದವರದು" ಎಂದಳು. "ಪುಸ್ತಕದಾಗ ಐತೆಲ್ಲ. ನಾಳೆ ಬರತೇನಿ, ತೋರಸ್ರಿ."

ಸಮಾರಂಭದ ವರದಿಯನ್ನೂ ಅದೇ ಅಂಕದ ಪುಸ್ತಕದ ಕೊನೆಯಲ್ಲಿ ನಾನೇ ಬರೆಯಬೇಕು. ಸೋಮಪ್ಪ ಬಾಜೂ ನಿಂತಿದ್ದ. 'ಪ್ರಥಮ ಸ್ಥಾನದ ಶಾಲನ್ನು ಗುಡ್ಡಪ್ಪ ಸ್ವೀಕರಿಸಿದರು' ಎಂದು ಬರೆದೆ. ಅವನು ಹೋದ ಮೇಲೆ ಆ ಹೆಸರನ್ನು ನೋಡುತ್ತ ಕೂತೆ. ಕೊನೆಗೆ ಪೆನ್ನು ಅದ್ದಿ, ಗುಡ್ಡಪ್ಪನ ಹೆಸರಿನ ಬಾಜೂ, ಹಾಜರಿ ಪುಸ್ತಕದಲ್ಲಿ ಬರೆಯುವ ಹಾಗೆಯೇ, ಸಣ್ಣದೊಂದು 'ಬ' ಬರೆದೆ. ಎಷ್ಟೋ ದಿನದ ಮೇಲೆ ಒಂದು ಗಂಡಸಿನ ಕೆಲಸ ಮಾಡಿದೆ ಅಂದುಕೊಂಡೆ. ಮನೆಗೆ ಹೋಗಿ ರಶೀದಾಬಿಗೂ ಹೇಳಿದೆ. ಅವಳು ನಾನು ಬಿಟ್ಟಿದ್ದ ಚಪ್ಪಲಿಯನ್ನು ಬಾಗಿಲ ಬದಿಗೆ ಸರಿಸಿ ಒಳಗೆ ಹೋದಳು.

ಬೆಳಿಗ್ಗೆ ಭೋಂಗಾ ಆಗುವ ಮೊದಲೇ ಕಾಡವ್ವ ಬಂದಳು. ಪುಸ್ತಕವನ್ನು ಕಿಟಕಿಯ ಕಟ್ಟೆಯ ಮೇಲೆ ತೆರೆದಿಟ್ಟು ಆ ಅಕ್ಷರ ತೋರಿಸಿದೆ. ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡು ಅದರ ಮೇಲೆ ಇಟ್ಟಳು. ಗುರುತು ಹಿಡಿದಳು. ಮುಖ ಅರಳಿತು.

ಆಮೇಲೆ ಒಂದು ಪುಟ ಹಿಂದಕ್ಕೆ ತಿರುಗಿಸಿದಳು. ಇನ್ನೊಂದು ತಿರುಗಿಸಿದಳು. ಐವತ್ತೇಳು, ಐವತ್ತಾರು, ಐವತ್ತೈದು. ಪ್ರತಿ ಪುಟದಲ್ಲೂ ಹೆಸರುಗಳ ಬದಿಯಲ್ಲಿ ಅವಳ ಬೆರಳು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಹುಕ್ಕೇರಿಯ ಇಪ್ಪತ್ತಾರರ ಮೇಲೂ ಇಳಿದು ಹೋಯಿತು. ನಾನು ತಡೆಯಲಿಲ್ಲ. ಹಿಂದೆ ಬದಲಿಗಳ ಸಾಲು ಬೆಳೆಯುತ್ತಿತ್ತು. ಬಿಲ್ಲೆಯ ಅಂಕಿ ಗುರುತಿಸುವ ರೂಢಿಯಿಂದ ಇಸವಿ ನೋಡಿಕೊಳ್ಳುತ್ತ ಐವತ್ತನಾಲ್ಕರ ಮೊದಲ ಪುಟಕ್ಕೆ ಬಂದು ನಿಂತಳು. ಮತ್ತೆ ಕೊನೆಯ ಪುಟಕ್ಕೆ ಬಂದು ಆ ಒಂದು ಅಕ್ಷರ ನೋಡಿದಳು.

"ಇದು ನನಗ ಹಚ್ಚಿದ್ದು, ಹೌದಲ್ರಿ, ಕಾಕಾ?" ಎಂದಳು. "ನಿನ್ನಿ ಶಾಲ ತಗೊಂಡಾಕಿ ನಾನು. ನಮ್ಮಣ್ಣಗ ಹಚ್ಚಿದ್ದು ಎಲ್ಲೈತಿ?"

ಅಷ್ಟರಲ್ಲಿ ಭೋಂಗಾ ಆಯಿತು. ನಾನು ಹಾಜರಿ ಪುಸ್ತಕ ತೆಗೆದು ಮೊದಲನೇ ನಂಬರು ಕೂಗಿದೆ.